ಹಿಮದ ಬೆಟ್ಟಗಳಿಗೆ ಮೈಗಂಟುವ ಒಳಪದರ: ಕೊಡಗಿನಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿಸಿ ಹಿಮಾಲಯಕ್ಕೆ ಹೊರಡುವ ತೋಟದವರು, ಪರ್ವತಾರೋಹಣ ತರಬೇತಿಗೆ ಸೇರುವ ಕಾಲೇಜು ಮಕ್ಕಳು, ಲಡಾಖಿನ ಹಿಮನದಿಯ ಮೇಲೆ ನಡೆಯಬೇಕೆನ್ನುವ ದಂಪತಿಗಳು, ಹೀಗೆ ಬೇರೆ ಬೇರೆಯವರು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಮೊದಲ ಸಲ ಹೊರಡುವವರು ಆರಂಭದಿಂದ ಓದಬೇಕು. ಎತ್ತರದ ಚಳಿಯ ಅಭ್ಯಾಸವಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಒಳಪದರ ಅಂದರೆ ಏನು? ದಪ್ಪನೆಯ ಸ್ವೆಟರ್ ಒಂದನ್ನು ಹಾಕಿಕೊಂಡರೆ ಸಾಲದೇ?

ಚರ್ಮಕ್ಕೆ ನೇರವಾಗಿ ತಾಗುವ ಬಟ್ಟೆಯೇ ಒಳಪದರ. ಅಂಗಡಿಗಳಲ್ಲಿ ಇದನ್ನು ಥರ್ಮಲ್ ಅಥವಾ ಬೇಸ್ ಲೇಯರ್ ಎಂದು ಮಾರುತ್ತಾರೆ. ಇದರ ಮುಖ್ಯ ಕೆಲಸ ಮೈಯನ್ನು ಬಿಸಿ ಮಾಡುವುದು ಎಂದು ಹೆಚ್ಚಿನವರು ಭಾವಿಸುತ್ತಾರೆ. ನಿಜವಾಗಿ ಇದರ ಮುಖ್ಯ ಕೆಲಸ ಚರ್ಮವನ್ನು ಒಣಗಿದ ಸ್ಥಿತಿಯಲ್ಲಿ ಇಡುವುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಬೆವರು ಚರ್ಮದ ಮೇಲೆಯೇ ನಿಂತರೆ, ಅದರ ಮೇಲೆ ಎಷ್ಟು ದಪ್ಪದ ಸ್ವೆಟರ್ ಹಾಕಿದರೂ ಮೈಯ ಕಾವು ಸೋರಿಹೋಗುತ್ತಲೇ ಇರುತ್ತದೆ. ಬೆವರನ್ನು ಚರ್ಮದಿಂದ ಎತ್ತಿ ಹೊರಮುಖವಾಗಿ ಸಾಗಿಸುವುದು ಒಳಪದರ. ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುವುದು ಸ್ವೆಟರ್, ಫ್ಲೀಸ್ ಅಥವಾ ಗರಿ ತುಂಬಿದ ಜಾಕೆಟ್‌ನಂಥ ನಡುಪದರ. ಬೀಸುಗಾಳಿಯನ್ನೂ ಹಿಮವನ್ನೂ ತಡೆಯುವುದು ಹೊರಪದರ. ಈ ಮೂರರಲ್ಲಿ ಒಳಪದರ ಕೈಕೊಟ್ಟರೆ ಉಳಿದ ಎರಡಕ್ಕೆ ಸುರಿದ ಹಣ ವ್ಯರ್ಥ.

ನಾವು ಮಡಿಕೇರಿಯ ಚಳಿ ಮಳೆಯಲ್ಲೇ ಬೆಳೆದವರು. ನಮಗೂ ಇಷ್ಟೆಲ್ಲ ಬೇಕೇ?

ಬೇಕು. ಬೇರೆಯವರಿಗಿಂತ ನಮಗೆ ಈ ಎಚ್ಚರ ಹೆಚ್ಚೇ ಬೇಕು ಎಂದು ನನಗೆ ಅನಿಸುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ತಿಂಗಳಿಡೀ ಸೂರ್ಯನನ್ನು ಕಾಣದೆ, ಅರ್ಧ ಒಣಗಿದ ಅಂಗಿಯನ್ನೇ ತೊಟ್ಟು ತೋಟಕ್ಕೆ ಹೋಗಿ ಬಂದು ಒಲೆಯ ಮುಂದೆ ಕುಳಿತರೆ ಸರಿಹೋಗುತ್ತದೆ ಎಂಬುದು ನಮ್ಮ ಮೈಗೆ ಒಗ್ಗಿದ ರೂಢಿ. ಆ ರೂಢಿ ಇಲ್ಲಿ ನಡೆಯುತ್ತದೆ, ಏಕೆಂದರೆ ಮಡಿಕೇರಿ ಇರುವುದು ಸುಮಾರು 1170 ಮೀಟರ್ ಎತ್ತರದಲ್ಲಿ, ಮತ್ತು ಒಲೆ ಯಾವಾಗಲೂ ಹತ್ತಿರದಲ್ಲಿರುತ್ತದೆ. ಪ್ರತಿ 1000 ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಚಳಿಗಾಲದಲ್ಲಿ ಕರ್ನಾಟಕದವರು ಹೆಚ್ಚಾಗಿ ಹೋಗುವ ಉತ್ತರಾಖಂಡದ ಕೇದಾರಕಂಠದ ಎತ್ತರ ಸುಮಾರು 3800 ಮೀಟರ್. ಎತ್ತರದ ಲೆಕ್ಕವೊಂದರಿಂದಲೇ ಅಲ್ಲಿ ಮಡಿಕೇರಿಗಿಂತ 17 ಡಿಗ್ರಿ ಕಡಿಮೆ ಇರುತ್ತದೆ, ಉತ್ತರದ ಚಳಿಗಾಲದ ಕೊರೆತ ಬೇರೆ. ಇಲ್ಲಿ ಕಿರಿಕಿರಿ ಮಾತ್ರ ಎನಿಸುವ ಒದ್ದೆ ಬಟ್ಟೆ ಅಲ್ಲಿ ಪ್ರಾಣಕ್ಕೆ ಕುತ್ತು ತರುತ್ತದೆ.

ಹತ್ತಿಯ ಬನಿಯನ್ ಮೇಲೆ ಥರ್ಮಲ್ ಹಾಕಿಕೊಳ್ಳಬಹುದೇ? ಬನಿಯನ್ ಇಲ್ಲದೆ ನಮಗೆ ಅಭ್ಯಾಸವಿಲ್ಲ.

ಹಾಕಿಕೊಳ್ಳಬಾರದು. ಹತ್ತಿ ಬೆವರನ್ನು ಚೆನ್ನಾಗಿ ಹೀರುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ಒದ್ದೆಯಾದ ನೂಲು ಚರ್ಮಕ್ಕೆ ಅಂಟಿಕೊಂಡು, ಗಾಳಿಯನ್ನು ಹಿಡಿದಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ಮೇಲಿನ ಥರ್ಮಲ್ ಎಷ್ಟೇ ದುಬಾರಿಯದಾದರೂ ಬೆವರು ಅದರವರೆಗೆ ತಲುಪುವುದೇ ಇಲ್ಲ. ಈ ಮಾತು ಚಡ್ಡಿಗೂ ಬ್ರಾಗೂ ಸಮಾನವಾಗಿ ಅನ್ವಯಿಸುತ್ತದೆ, ಮತ್ತು ಅನುಭವಿಗಳೂ ಮರೆಯುವುದು ಇದನ್ನೇ. ಮೆರಿನೋ ಎಂಬ ತಳಿಯ ಕುರಿಯ ನಯವಾದ ಉಣ್ಣೆಯ ಅಂಗಿಯ ಒಳಗೆ ದಪ್ಪ ಹತ್ತಿಯ ಬ್ರಾ ತೊಟ್ಟವರಿಗೆ ಎದೆಯ ಮತ್ತು ಬೆನ್ನಿನ ಮೇಲೆ ಒದ್ದೆ ಪಟ್ಟಿಯೊಂದು ದಿನವಿಡೀ ಉಳಿಯುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನಿನ ಕ್ರೀಡಾ ಒಳಉಡುಪುಗಳು ಕಡಿಮೆ ಬೆಲೆಗೇ ಸಿಗುತ್ತವೆ, ಅವನ್ನೇ ಕೊಳ್ಳಿ.

## ಯಾವ ನೂಲು?

ಮೆರಿನೋ ಉಣ್ಣೆಯೋ, ಪಾಲಿಯೆಸ್ಟರೋ? ಒಂದನ್ನು ಮಾತ್ರ ಹೇಳಿ.

ಒಂದನ್ನೇ ಹೇಳಬೇಕಾದರೆ, ಹಲವು ದಿನ ಬೆಟ್ಟದಲ್ಲೇ ಉಳಿಯುವ ಚಾರಣಕ್ಕೆ ಮೆರಿನೋ ಎನ್ನುತ್ತೇನೆ. ಆದರೆ ಕಾರಣ ತಿಳಿದು ಆರಿಸುವುದು ಒಳ್ಳೆಯದು.

ಮೆರಿನೋ ನೂಲು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಆವಿಯ ರೂಪದಲ್ಲಿಯೇ ಎಳೆಯ ಒಳಗೆ ಸೇರಿಸಿಕೊಳ್ಳಬಲ್ಲದು. ಅಷ್ಟರವರೆಗೆ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀಗೆ ತೇವವನ್ನು ಹೀರುವಾಗ ಉಣ್ಣೆ ಸ್ವಲ್ಪ ಶಾಖವನ್ನೂ ಬಿಡುಗಡೆ ಮಾಡುತ್ತದೆ. ನಡಿಗೆ ನಿಲ್ಲಿಸಿ ವಿಶ್ರಾಂತಿಗೆ ಕುಳಿತಾಗ ಬೆನ್ನಿಗೆ ಬಡಿಯುವ ಹಠಾತ್ ಚಳಿ ಉಣ್ಣೆಯಲ್ಲಿ ಕಡಿಮೆ ಎನಿಸುವುದಕ್ಕೆ ಈ ಎರಡೂ ಗುಣಗಳು ಕಾರಣ. ಮೂರು ನಾಲ್ಕು ದಿನ ಬಿಡದೆ ತೊಟ್ಟರೂ ನಾಲ್ವರು ಮಲಗುವ ಗುಡಾರದಲ್ಲಿ ಸಂಕೋಚಪಡುವಷ್ಟು ವಾಸನೆ ಬರುವುದಿಲ್ಲ. ಬೆಂಕಿಯ ಕಿಡಿ ಬಿದ್ದರೆ ಕರಿಯಾಗುತ್ತದೆಯೇ ಹೊರತು ಪಾಲಿಯೆಸ್ಟರಿನಂತೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಸ್ಟೌವ್ ಹಚ್ಚಿ ಹಿಮ ಕರಗಿಸುವವರು ಇದನ್ನು ಕಡೆಗಣಿಸಬಾರದು.

ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇಕಡಾ 1ಕ್ಕಿಂತ ಕಡಿಮೆ ತೇವವನ್ನು ಹೀರುತ್ತದೆ. ಬೆವರು ಎಳೆಗಳ ನಡುವಿನ ಸಂದುಗಳಲ್ಲಿ ಹರಡಿ ಬೇಗ ಆರಿಹೋಗುವುದರಿಂದ, ಒಗೆದ ಅಂಗಿ ಉಣ್ಣೆಗಿಂತ ಎಷ್ಟೋ ಬೇಗ ಒಣಗುತ್ತದೆ. ಓಟ, ಹಿಮದ ಸ್ಕೀಯಿಂಗ್, ಕಡಿದಾದ ಏರಿಕೆಯಂಥ ತುಂಬ ಬೆವರುವ ಕೆಲಸಕ್ಕೆ ಇದೇ ಉತ್ತಮ. ಉಜ್ಜಾಟವನ್ನು ತಾಳುತ್ತದೆ, ಬೆಲೆ ಕಡಿಮೆ. ದೋಷ ಒಂದೇ ಆದರೂ ಸಣ್ಣದಲ್ಲ: ಎರಡನೆಯ ದಿನದ ಸಂಜೆಗೇ ನಾರುತ್ತದೆ. ಉಣ್ಣೆಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬೆರೆಸಿದ ಬಟ್ಟೆಗಳು ಶುದ್ಧ ಮೆರಿನೋಗಿಂತ ಬೇಗ ಒಣಗಿ ಹೆಚ್ಚು ಕಾಲ ಬಾಳುತ್ತವೆ. ಭಾರದ ಚೀಲದ ಪಟ್ಟಿ ಉಜ್ಜುವ ಭುಜದ ಬಳಿ ಶುದ್ಧ ಮೆರಿನೋ ತೂತು ಬೀಳುವುದು ಸಾಮಾನ್ಯ.

ನಮ್ಮ ಕಂಬಳಿಯೂ ಉಣ್ಣೆಯೇ ಅಲ್ಲವೇ? ಮೆರಿನೋಗೆ ಮಾತ್ರ ಯಾಕೆ ಇಷ್ಟು ಬೆಲೆ?

ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಾಟಿ ಮಾಡಿದ ಹಿರಿಯರಿಗೆ, ನೆನೆದ ಮೇಲೂ ಉಣ್ಣೆ ಬೆಚ್ಚಗಿರುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವ್ಯತ್ಯಾಸ ಇರುವುದು ಎಳೆಯ ದಪ್ಪದಲ್ಲಿ. ಸುಮಾರು 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಎಳೆಯ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ, ಇದರಿಂದ ತುರಿಕೆ ಬರುತ್ತದೆ. ನಮ್ಮ ಕಡೆಯ ಕಂಬಳಿಗೆ ಬಳಸುವ ದಖ್ಖನಿ ಕುರಿಯ ಉಣ್ಣೆ ಒರಟು ಜಾತಿಯದು. ಒಳಪದರಕ್ಕೆ ಬಳಸುವ ಮೆರಿನೋ ಎಳೆ ಸಾಮಾನ್ಯವಾಗಿ 17ರಿಂದ 19 ಮೈಕ್ರಾನ್‌ನಷ್ಟು ನಯ. ಕಂಬಳಿ ಹೊರಗಿನ ಹೊದಿಕೆಗೆ ಇಂದಿಗೂ ಒಳ್ಳೆಯದೇ, ಮೈಗೆ ತಾಗುವ ಉಡುಪಿಗೆ ಆಗುವುದಿಲ್ಲ.

ಬೈಲಕುಪ್ಪೆಯಲ್ಲಿ ಸಿಗುವ ಸ್ವೆಟರ್, ಸಂತೆಯಲ್ಲಿ ಸಿಗುವ ಥರ್ಮಲ್ ಇನ್ನರ್ ಸಾಲುವುದಿಲ್ಲವೇ?

ಸ್ವೆಟರ್ ನಡುಪದರಕ್ಕೆ ಸಾಲುತ್ತದೆ. ಕಡಿಮೆ ಬೆಲೆಯ ಸ್ವೆಟರುಗಳು ಬಹುಮಟ್ಟಿಗೆ ಅಕ್ರಿಲಿಕ್ ನೂಲಿನವು. ಹಗುರವಾಗಿ, ಬೆಚ್ಚಗೆ ಇರುತ್ತವೆ. ಇನ್ನರ್ ವಿಷಯದಲ್ಲಿ ಮಾತ್ರ ಲೇಬಲ್ ಓದದೆ ಕೊಳ್ಳಬೇಡಿ. ಒಳಗೆ ನಯವಾದ ಜುಂಗು ಇರುವ ದಪ್ಪ ಇನ್ನರ್‌ಗಳಲ್ಲಿ ಹತ್ತಿಯ ಪಾಲು ದೊಡ್ಡದಿರುತ್ತದೆ. ಅವು ಡಿಸೆಂಬರಿನ ಮುಂಜಾನೆ ಕಣದಲ್ಲಿ ಕಾಫಿ ಹರಡುವಾಗ, ಅಥವಾ ಬಸ್ಸಿನಲ್ಲಿ ಕುಳಿತು ಪ್ರಯಾಣಿಸುವಾಗ ಹಿತವಾಗಿರುತ್ತವೆ. ಬೆನ್ನಿಗೆ ಹತ್ತು ಕಿಲೋ ಹೊತ್ತು ಏರುವವರಿಗೆ ಅಲ್ಲ. ಲೇಬಲ್‌ನಲ್ಲಿ ಹತ್ತಿ ಅಥವಾ ವಿಸ್ಕೋಸ್ (ಗಿಡಮರದ ತಿರುಳನ್ನು ರಾಸಾಯನಿಕವಾಗಿ ಕರಗಿಸಿ ಮಾಡಿದ ನೂಲು) ಎಂದು ಅರ್ಧಕ್ಕಿಂತ ಹೆಚ್ಚು ಇದ್ದರೆ ಹಿಂದಕ್ಕೆ ಇಟ್ಟುಬಿಡಿ.

ರೇಷ್ಮೆಯ ಒಳಉಡುಪು ಹಿಂದೆ ಪರ್ವತಾರೋಹಿಗಳು ತೊಡುತ್ತಿದ್ದರಂತೆ, ನಿಜವೇ?

ನಿಜ. 1924ರಲ್ಲಿ ಎವರೆಸ್ಟ್ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಪತ್ತೆಯಾದಾಗ, ಅವರ ಮೈಮೇಲೆ ರೇಷ್ಮೆ, ಹತ್ತಿ ಮತ್ತು ಉಣ್ಣೆಯ ತೆಳು ಪದರಗಳು ಒಂದರ ಮೇಲೊಂದು ಇದ್ದವು. ಅದೇ ಮಾದರಿಯಲ್ಲಿ ಮತ್ತೆ ಹೊಲಿಸಿದ ಉಡುಪನ್ನು 2006ರಲ್ಲಿ ಎವರೆಸ್ಟ್‌ನಲ್ಲಿಯೇ ತೊಟ್ಟು ನೋಡಲಾಯಿತು. ನಿರೀಕ್ಷೆಗಿಂತ ಹಗುರವಾಗಿಯೂ ಹಿತವಾಗಿಯೂ ಇತ್ತು. ನಯವಾದ ಪದರಗಳು ಒಂದರ ಮೇಲೊಂದು ಜಾರುವುದರಿಂದ ಕೈಕಾಲು ಎತ್ತುವಾಗ ಬಟ್ಟೆ ಎಳೆಯುವುದಿಲ್ಲ. ಇಂದಿನ ಆಯ್ಕೆಯಾಗಿ ರೇಷ್ಮೆ ಕಡಿಮೆ ಬೆವರುವ ಸಂದರ್ಭಕ್ಕೆ, ಉದಾಹರಣೆಗೆ ಮಲಗುವ ಚೀಲದೊಳಗೆ ತೊಡುವುದಕ್ಕೆ ಸೂಕ್ತ. ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ, ಹೊಲಿಗೆಯ ಬಳಿ ಬೇಗ ಹರಿಯುತ್ತದೆ.

ಬಿದಿರಿನ ನೂಲಿನ ಥರ್ಮಲ್?

ಬೇಡ. ಬಿದಿರಿನದೆಂದು ಮಾರುವ ಮೆತ್ತನೆಯ ಬಟ್ಟೆ ಬಹುತೇಕ ವಿಸ್ಕೋಸ್. ತೇವದ ವಿಷಯದಲ್ಲಿ ಹತ್ತಿಗಿಂತ ಉತ್ತಮವಲ್ಲ.

ನಮ್ಮ ಮಾವ ಸೇನೆಯಲ್ಲಿದ್ದರು. ಅವರ ಉಣ್ಣೆಯ ಅಂಗಿ ಪೆಟ್ಟಿಗೆಯಲ್ಲಿದೆ, ಅದನ್ನು ಹಾಕಬಹುದೇ?

ಆಗ ಮೇಜರ್ ಜನರಲ್ ಆಗಿದ್ದ ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು 1948ರ ನವೆಂಬರಿನಲ್ಲಿ ಸುಮಾರು 3500 ಮೀಟರ್ ಎತ್ತರದ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆದಾರಿಯಲ್ಲಿ ಟ್ಯಾಂಕುಗಳನ್ನು ಮುನ್ನಡೆಸಿದವರು. ಎತ್ತರದ ಚಳಿಯ ಕಥೆಗಳು ಕೊಡಗಿನ ಮನೆಗಳಿಗೆ ಹೊಸದಲ್ಲ, ಅಂಥ ಅಂಗಿಗಳೂ ಹೊಸದಲ್ಲ. ಸೇನೆಯ ಅಂಗೋಲಾ ಶರ್ಟು ಉಣ್ಣೆ ಮತ್ತು ಹತ್ತಿ ಬೆರೆತ ಗಟ್ಟಿ ಬಟ್ಟೆ. ಅದನ್ನು ಒಳಪದರವಾಗಿ ಅಲ್ಲ, ತೆಳುವಾದ ಒಳಪದರದ ಮೇಲೆ ತೊಡಿ. ಉದ್ದ ತೋಳಿನ ಉಣ್ಣೆಯ ಬನಿಯನ್ ಇದ್ದರೆ ಬೆಳಕಿಗೆ ಹಿಡಿದು ನುಸಿ ತಿಂದ ತೂತುಗಳಿವೆಯೇ ಎಂದು ನೋಡಿ, ಅರ್ಧ ಗಂಟೆ ಬರಿಮೈಗೆ ತೊಟ್ಟುನೋಡಿ. ತುರಿಸದಿದ್ದರೆ ಧಾರಾಳವಾಗಿ ಬಳಸಬಹುದು.

## ದಪ್ಪ, ಅಳತೆ, ಜೊತೆಗಳು

ಲೇಬಲ್ ಮೇಲೆ 150, 200, 250 ಎಂದು ಇರುತ್ತದಲ್ಲ, ಅದು ಏನು? ದೊಡ್ಡ ಸಂಖ್ಯೆಯೇ ಒಳ್ಳೆಯದೇ?

ಅದು ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. ಸುಮಾರು 150ರದ್ದು ತೆಳು, 200ರದ್ದು ಮಧ್ಯಮ, 250 ಮತ್ತು ಮೇಲ್ಪಟ್ಟದ್ದು ದಪ್ಪ. ದಪ್ಪದ್ದು ಹೆಚ್ಚು ಬೆಚ್ಚಗಿರುತ್ತದೆ ಎಂಬುದು ಸುಮ್ಮನೆ ಕುಳಿತವರ ಮಟ್ಟಿಗೆ ಮಾತ್ರ ನಿಜ. ಏರುವಾಗ ದಪ್ಪ ಒಳಪದರ ಬೆವರು ಹೆಚ್ಚಿಸುತ್ತದೆ, ಒಣಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಮತ್ತು ನಡುದಾರಿಯಲ್ಲಿ ಅದನ್ನು ತೆಗೆಯಲು ಮೈಯೆಲ್ಲ ಬಿಚ್ಚಬೇಕಾಗುತ್ತದೆ. ಬೆಚ್ಚಗೆ ಬೇಕಾದರೆ ನಡುಪದರವನ್ನು ಹೆಚ್ಚಿಸಿ, ಅದನ್ನು ಬೇಕೆಂದಾಗ ತೆಗೆದು ಚೀಲಕ್ಕೆ ತುರುಕಬಹುದು. ನಡೆಯಲು 150ರಿಂದ 200ರದ್ದು, ಬಿಡಾರದಲ್ಲಿ ತೊಟ್ಟು ಮಲಗಲು 250ರದ್ದು: ಹೆಚ್ಚಿನವರಿಗೆ ಈ ಹಂಚಿಕೆ ಸರಿಹೊಂದುತ್ತದೆ.

ಎಷ್ಟು ಬಿಗಿಯಾಗಿರಬೇಕು?

ಮೈಯ ಎಲ್ಲ ಕಡೆ ತಾಗಬೇಕು, ಎಲ್ಲಿಯೂ ಒತ್ತಬಾರದು. ಸಡಿಲವಾಗಿ ಚರ್ಮದಿಂದ ದೂರ ನಿಂತ ಬಟ್ಟೆ ಬೆವರನ್ನು ಎತ್ತಿಕೊಳ್ಳಲಾರದು. ಮಣಿಕಟ್ಟು, ತೊಡೆಸಂದು, ಮೊಣಕಾಲಿನ ಬಳಿ ಹಿಡಿದರೆ ರಕ್ತಸಂಚಾರ ಕುಗ್ಗಿ ಬೆರಳುಗಳು ಬೇಗ ತಣ್ಣಗಾಗುತ್ತವೆ. ಅಂಗಡಿಯಲ್ಲಿ ತೊಟ್ಟು ನೋಡುವಾಗ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ; ಆಗ ಸೊಂಟ ಬಯಲಾಗಬಾರದು. ಭುಜದ ಮೇಲೆ ದಪ್ಪ ಹೊಲಿಗೆ ಇಲ್ಲದ, ಚಪ್ಪಟೆ ಹೊಲಿಗೆಯ ಅಂಗಿಯನ್ನೇ ಆರಿಸಿ. ಕುತ್ತಿಗೆಯಿಂದ ಎದೆಯವರೆಗೆ ಜಿಪ್ ಇರುವುದು ಶೋಕಿಯಲ್ಲ. ಏರುವಾಗ ಅದನ್ನು ಒಂದು ಗೇಣು ಇಳಿಸಿದರೆ ಮೈಯ ಬಿಸಿ ಹೊರಹೋಗುತ್ತದೆ, ಬೆವರು ಕಡಿಮೆಯಾಗುತ್ತದೆ.

ಎಷ್ಟು ಜೊತೆ ಒಯ್ಯಬೇಕು?

ಒಂದು ವಾರದ ಚಾರಣಕ್ಕೆ ಎರಡು ಜೊತೆ ನಡೆಯಲು, ಒಂದು ಜೊತೆ ಮಲಗಲು. ಮಲಗುವ ಜೊತೆಯನ್ನು ನೀರು ಸೇರದ ಚೀಲದಲ್ಲಿ ಬೇರೆಯಾಗಿ ಇಡಿ, ಎಂಥ ಸಂದರ್ಭದಲ್ಲಿಯೂ ಅದನ್ನು ತೊಟ್ಟು ನಡೆಯಬೇಡಿ. ತುರ್ತಿನಲ್ಲಿ ನಿಮ್ಮ ಬಳಿ ಉಳಿಯುವ ಒಣ ಬಟ್ಟೆ ಅದೊಂದೇ.

ತಲೆಗೆ, ಕೈಗೆ, ಕಾಲಿಗೆ?

ತಲೆಗೆ ಮಂಕಿ ಕ್ಯಾಪ್ ಸಾಕು. ಅದರ ಕೆಳಗೆ ಕುತ್ತಿಗೆಗೆ ತೆಳು ಉಣ್ಣೆಯ ಕೊಳವೆಪಟ್ಟಿ ಇದ್ದರೆ ಮೂಗು ಬಾಯಿಗೂ ಎಳೆದುಕೊಳ್ಳಬಹುದು. ದಪ್ಪ ಗವುಸಿನ ಒಳಗೆ ತೆಳುವಾದ ಒಳಗವುಸು ಹಾಕಿ, ಆಗ ಷೂ ದಾರ ಕಟ್ಟುವಾಗ ಬರಿಗೈ ಆಗುವುದಿಲ್ಲ. ಕಾಲಿಗೆ ತೆಳು ಕಾಲುಚೀಲ ಮತ್ತು ಅದರ ಮೇಲೆ ಉಣ್ಣೆಯದು. ಎರಡು ಕಾಲುಚೀಲದಿಂದ ಷೂ ಬಿಗಿಯಾದರೆ ಒಂದನ್ನು ತೆಗೆದುಬಿಡಿ.

ಪುಷ್ಪಗಿರಿ, ಬ್ರಹ್ಮಗಿರಿ ಕಡೆ ಹೋಗುವಾಗ ಥರ್ಮಲ್ ಪ್ಯಾಂಟ್ ಹಾಕಿದರೆ ಜಿಗಣೆ ಹತ್ತುವುದಿಲ್ಲವೇ?

ಹತ್ತುತ್ತದೆ. ಹೆಣೆದ ಬಟ್ಟೆಯ ಕಣ್ಣುಗಳಲ್ಲಿ ಸಣ್ಣ ಜಿಗಣೆ ನುಸುಳುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಜಿಗಣೆ ಕಾಲುಚೀಲವೇ ಬೇಕು.

## ಒಗೆಯುವುದು, ಕಾಪಾಡುವುದು

ನಮ್ಮ ಮಳೆಗಾಲದಲ್ಲಿ ಉಣ್ಣೆ ಬಟ್ಟೆ ಬೂಷ್ಟು ಹಿಡಿಯದಂತೆ ಇಡುವುದು ಹೇಗೆ?

ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ, ಉಣ್ಣೆಗೆಂದೇ ಇರುವ ದ್ರವ ಸೋಪಿನಲ್ಲಿ ಒಗೆಯಿರಿ. ಕಲೆ ತೆಗೆಯುವ ಸಾಮಾನ್ಯ ಪುಡಿಗಳಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವಗಳಿರುತ್ತವೆ. ಉಣ್ಣೆಯೂ ಪ್ರೋಟೀನೇ ಆದ್ದರಿಂದ ಎಳೆ ಸವೆಯುತ್ತದೆ. ಒಗೆಯುವ ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಪ್ಪಟೆಯಾಗಿ ಹರಡಿ ನೆರಳಲ್ಲಿ ಒಣಗಿಸಿ. ಬಟ್ಟೆ ಮೆತ್ತಗಾಗಿಸುವ ದ್ರವ ಎಳೆಗಳ ಮೇಲೆ ಪೊರೆಯಂತೆ ಕೂರುವುದರಿಂದ ಅದನ್ನು ಪಾಲಿಯೆಸ್ಟರಿಗೂ ಬಳಸಬೇಡಿ.

ಮೇ ತಿಂಗಳ ಬಿಸಿಲು ಇರುವಾಗಲೇ ಎಲ್ಲವನ್ನೂ ಒಗೆದು, ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆಗೆ ಮುಚ್ಚಿಡಿ. ಬೆವರಿನ ಕಲೆ ಉಳಿದ ಉಣ್ಣೆಗೇ ನುಸಿ ಮೊದಲು ಹತ್ತುವುದು, ಆದ್ದರಿಂದ ಒಗೆಯದೆ ಎತ್ತಿಡಬಾರದು. ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಮತ್ತೆ ಕಾಣಿಸಿಕೊಂಡಾಗ ಒಮ್ಮೆ ಹೊರತೆಗೆದು ಗಾಳಿಗೆ ಹರಡಿ. ಮಳೆಗಾಲದಲ್ಲಿ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು ನಮ್ಮಲ್ಲಿ ರೂಢಿ. ಉಣ್ಣೆ ಹೊಗೆಯ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶಾಖಕ್ಕೆ ಸುಕ್ಕಾಗುತ್ತದೆ. ಈ ಬಟ್ಟೆಗಳನ್ನು ಅಲ್ಲಿ ಹಾಕಬೇಡಿ.

## ತೀವ್ರ ಚಳಿಗೆ ಹೋಗುವವರಿಗೆ

ಏರುವಾಗ ಬೆವರಿ ನೆನೆಯುತ್ತೇನೆ, ನಿಂತ ಕೂಡಲೇ ನಡುಗುತ್ತೇನೆ. ಒಳಪದರ ಬದಲಿಸಬೇಕೇ?

ಮೊದಲು ನಡೆಯುವ ಕ್ರಮವನ್ನು ಬದಲಿಸಿ. ಹೊರಡುವಾಗ ಸ್ವಲ್ಪ ಚಳಿ ಎನಿಸಬೇಕು. ಹಾಗೆ ಎನಿಸದಿದ್ದರೆ ಒಂದು ಪದರ ಹೆಚ್ಚಾಗಿದೆ ಎಂದು ಅರ್ಥ. ಹತ್ತು ಹದಿನೈದು ನಿಮಿಷ ನಡೆದು ಮೈ ಕಾದ ಮೇಲೆ ನಿಂತು, ನಡುಪದರವನ್ನು ಬೆವರು ಮೂಡುವ ಮುಂಚೆಯೇ ತೆಗೆಯಿರಿ. ವಿಶ್ರಾಂತಿಗೆ ನಿಂತರೆ ನಡುಕ ಬರುವುದಕ್ಕೆ ಕಾಯದೆ ಜಾಕೆಟ್ ಹಾಕಿ. ತಂಡದ ವೇಗಕ್ಕೆ ನಾಚಿಕೊಂಡು ಬಟ್ಟೆ ತೆಗೆಯಲು ನಿಲ್ಲದವರೇ ಹೆಚ್ಚು ನೆನೆಯುತ್ತಾರೆ. ಹಿಮನದಿಯ ಮೇಲೆ ಮಧ್ಯಾಹ್ನದ ಬಿಸಿಲು ಹಿಮದಿಂದ ಪ್ರತಿಫಲಿಸಿ ಅಚ್ಚರಿಯಾಗುವಷ್ಟು ಸೆಕೆ ಕೊಡುತ್ತದೆ. ಆ ಹೊತ್ತಿಗೆ ತಿಳಿಬಣ್ಣದ, ತೆಳುವಾದ, ತಲೆಗವುಸು ಇರುವ ಅಂಗಿಯೊಂದೇ ಮೈಮೇಲೆ ಇರುವುದು ಲೇಸು.

ಝಂಸ್ಕಾರ್ ನದಿಯ ಚಾದರ್‌ಗೆ ಹೋಗುತ್ತಿದ್ದೇನೆ. ಒಂದೇ ದಪ್ಪ ಒಳಪದರವೋ, ಎರಡು ತೆಳುವೋ?

ಎರಡು ತೆಳು. ಜನವರಿ, ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದ ಆ ನದಿಯ ಮೇಲೆ ರಾತ್ರಿಯ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೂ ಹೋಗುತ್ತದೆ. ಎರಡು ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಹೊರಗಿನದು ನೆನೆದರೆ ಅದನ್ನಷ್ಟೇ ಬದಲಿಸಬಹುದು. ಚರ್ಮಕ್ಕೆ ತಾಗುವುದು 150ರದ್ದು, ಅದರ ಮೇಲೆ ಒಂದು ಅಳತೆ ದೊಡ್ಡದಾದ 200ರದ್ದು ಇರಲಿ.

ಬಲೆಯಂತೆ ಹೆಣೆದ ಬನಿಯನ್ನಿನ ಬಗ್ಗೆಯೂ ಇದೇ ಸಂದರ್ಭದಲ್ಲಿ ಹೇಳಬೇಕು. ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರೂನ್ 1933ರಲ್ಲಿ ಮೀನಿನ ಬಲೆಯಿಂದ ಮೊದಲ ಬಾರಿಗೆ ಇದನ್ನು ಮಾಡಿದರು. 1953ರ ಎವರೆಸ್ಟ್ ದಂಡಯಾತ್ರೆಯ ಉಡುಪುಗಳಲ್ಲಿಯೂ ಇಂಥ ಬನಿಯನ್ ಇತ್ತು. ಬಲೆಯ ಕಣ್ಣುಗಳು ಗಾಳಿಯನ್ನು ಚರ್ಮದ ಬಳಿಯೇ ಹಿಡಿದಿಡುತ್ತವೆ, ಬೆವರಿನ ಆವಿಯನ್ನು ಮೇಲಿನ ಪದರಕ್ಕೆ ಬಿಡುತ್ತವೆ. ತುಂಬ ಬೆವರುವವರಿಗೆ ಇದಕ್ಕಿಂತ ಉತ್ತಮವಾದದ್ದು ಇಲ್ಲವೆನ್ನಬಹುದು. ಚೀಲದ ಪಟ್ಟಿಯ ಕೆಳಗೆ ಬಲೆಯ ಗುರುತು ಚರ್ಮದ ಮೇಲೆ ಮೂಡುವುದೊಂದೇ ತೊಡಕು.

ಹೊರಡುವ ಮೊದಲು ಇಲ್ಲೇ ಕೊಡಗಿನಲ್ಲಿ ಪರೀಕ್ಷಿಸುವುದು ಹೇಗೆ? ಇಲ್ಲಿ ಹಿಮವೇ ಇಲ್ಲವಲ್ಲ.

ಹಿಮ ಇಲ್ಲದಿದ್ದರೂ ಮಳೆ ಗಾಳಿ ಇವೆ. ಒಳಪದರವನ್ನು ಪರೀಕ್ಷಿಸಲು ಇವೇ ಹೆಚ್ಚು ಕಠಿಣವಾದವು. ಮೈಯ ಒಳ ಉಷ್ಣಾಂಶ 35 ಡಿಗ್ರಿಗಿಂತ ಇಳಿಯುವ ಸ್ಥಿತಿ ಹಿಮದಲ್ಲಿ ಮಾತ್ರ ಬರುತ್ತದೆ ಎಂದು ತಿಳಿಯಬಾರದು. ಒದ್ದೆ ಮೈಗೆ ಜೋರುಗಾಳಿ ಬೀಸಿದರೆ 10 ಡಿಗ್ರಿಯಲ್ಲಿಯೂ ಬರಬಹುದು. ಅರಣ್ಯ ಇಲಾಖೆಯ ಅನುಮತಿ ಮತ್ತು ಆ ದಿನದ ಹವಾಮಾನವನ್ನು ವಿಚಾರಿಸಿಕೊಂಡು, ಮಳೆಗಾಲದ ಕೊನೆಗೆ ನಾಲ್ಕುನಾಡು ಅರಮನೆಯ ಕಡೆಯಿಂದ 1748 ಮೀಟರ್ ಎತ್ತರದ ತಡಿಯಂಡಮೋಳನ್ನು ಏರಿ. ಹಿಮಾಲಯದಲ್ಲಿ ಹೊರುವಷ್ಟೇ ಭಾರ ಬೆನ್ನಿಗಿರಲಿ. ಕಾಡಿನ ಭಾಗ ಮುಗಿದು ಹುಲ್ಲುಗಾವಲಿಗೆ ಬಂದಾಗ ಗಾಳಿ ನೇರವಾಗಿ ಹೊಡೆಯುತ್ತದೆ. ಅಲ್ಲಿ ಕಾಲು ಗಂಟೆ ಸುಮ್ಮನೆ ನಿಂತು, ಬೆನ್ನು, ಕಂಕುಳು, ಸೊಂಟದ ಪಟ್ಟಿಯ ಕೆಳಗೆ ಬಟ್ಟೆ ಎಷ್ಟು ಹೊತ್ತಿಗೆ ಆರುತ್ತದೆ, ಎಲ್ಲಿ ಆರುವುದೇ ಇಲ್ಲ ಎಂಬುದನ್ನು ಗಮನಿಸಿ. ನಡುಕ ಬರುವ ಮೊದಲೇ ಜಾಕೆಟ್ ಹಾಕಿಕೊಂಡು ಇಳಿಯಿರಿ, ಒಬ್ಬರೇ ಹೋಗಬೇಡಿ. ಎರಡು ಬಗೆಯ ಅಂಗಿಗಳಿದ್ದರೆ ಒಂದೇ ದಾರಿಯಲ್ಲಿ ಎರಡು ಬೇರೆ ದಿನ ತೊಟ್ಟು ಹೋಲಿಸಿ. ಅಂಗಡಿಯವರು ಹೇಳದ ಸಂಗತಿಗಳೆಲ್ಲ ಆಗ ಗೊತ್ತಾಗುತ್ತವೆ.

ಮೇಲೆ ಹೋದಾಗ ಒಳಪದರವೇ ನೆನೆದರೆ ಏನು ಮಾಡುವುದು? ಒಂದು ಪೆಗ್ ರಮ್ ಹಾಕಿದರೆ ಚಳಿ ಹೋಗುತ್ತದೆ ಎನ್ನುತ್ತಾರಲ್ಲ?

ರಮ್ ಮುಟ್ಟಬೇಡಿ. ಮದ್ಯ ಚರ್ಮದ ಬಳಿಯ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಎನಿಸುತ್ತದೆ, ಆದರೆ ಒಳಗಿನ ಶಾಖ ಚರ್ಮಕ್ಕೆ ಬಂದು ಹೊರಗೆ ಹೋಗಿಬಿಡುತ್ತದೆ. ಜೊತೆಗೆ ವಿವೇಚನೆಯೂ ಮಂಕಾಗುತ್ತದೆ, ಎತ್ತರದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಅದು.

ಮೊದಲು ಗಾಳಿಯ ಮರೆ ಅಥವಾ ಗುಡಾರದೊಳಕ್ಕೆ ಹೋಗಿ. ನೆನೆದದ್ದನ್ನು ಪೂರ್ತಿ ಬಿಚ್ಚಿ, ಮೈ ಒರೆಸಿ, ಬೇರೆಯಾಗಿಟ್ಟ ಒಣ ಜೊತೆಯನ್ನು ತೊಡಿ; ಒದ್ದೆ ಬಟ್ಟೆಯ ಮೇಲೆ ಒಣ ಜಾಕೆಟ್ ಹಾಕುವುದರಿಂದ ಸ್ವಲ್ಪ ಹೊತ್ತು ಮಾತ್ರ ಸಮಾಧಾನ. ಬಿಸಿಯಾದ ಸಿಹಿ ಪಾನೀಯ ಕುಡಿದು, ಏನನ್ನಾದರೂ ತಿಂದು ಮಲಗುವ ಚೀಲ ಸೇರಿ. ಸ್ವಲ್ಪವೇ ತೇವವಾಗಿರುವ ಅಂಗಿಯಾದರೆ ಮೈ ಬಿಸಿಯಾದ ಮೇಲೆ ಚೀಲದೊಳಗೆ ಹೊಟ್ಟೆಯ ಮೇಲಿಟ್ಟುಕೊಂಡು ಆರಿಸಬಹುದು. ತೊಟ್ಟಿಕ್ಕುವಷ್ಟು ನೆನೆದಿದ್ದರೆ ಚೀಲವೇ ಒದ್ದೆಯಾಗುವುದರಿಂದ ಹೊರಗೇ ಬಿಡಿ.

ಜೊತೆಯವರಲ್ಲಿ ಯಾರಿಗಾದರೂ ಮಾತು ತೊದಲಿದರೆ, ಜಿಪ್ ಎಳೆಯಲು ಬೆರಳು ಕೇಳದಿದ್ದರೆ, ಹೆಜ್ಜೆ ತಪ್ಪಿದರೆ, ಅವರು ಚೆನ್ನಾಗಿದ್ದೇನೆ ಎಂದರೂ ನಂಬಬೇಡಿ. ನಡುಕ ತಾನಾಗಿ ನಿಂತು ಮಂಪರು ಬಂದರೆ ಅದು ಚೇತರಿಕೆಯಲ್ಲ, ಸ್ಥಿತಿ ಬಿಗಡಾಯಿಸಿದ್ದರ ಗುರುತು. ಅಂಥವರ ಕೈಕಾಲು ಉಜ್ಜಬಾರದು, ಬೆಂಕಿಯ ಹತ್ತಿರ ಕೂರಿಸಬಾರದು, ಎಬ್ಬಿಸಿ ನಡೆಸಬಾರದು. ಒಣ ಬಟ್ಟೆ ತೊಡಿಸಿ, ನೆಲದ ಚಳಿ ತಾಗದಂತೆ ಕೆಳಗೆ ಚಾಪೆ ಹಾಸಿ ಮಲಗಿಸಿ, ಬಿಸಿನೀರಿನ ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ಎದೆಯ ಪಕ್ಕ ಮತ್ತು ಕಂಕುಳಲ್ಲಿಟ್ಟು, ಕೂಡಲೇ ತಂಡದ ನಾಯಕರಿಗೆ ತಿಳಿಸಿ ವೈದ್ಯರ ಬಳಿಗೆ ಹೊತ್ತು ಸಾಗಿಸುವ ಏರ್ಪಾಡು ಮಾಡಬೇಕು.